ಅಪ್ಪನ ಪ್ಯಾಂಟು ಮತ್ತು ಒಳಗೆ ಬಿಟ್ಟ ಒಂದು ಇಂಚು

ಈ ಕಡೆ ತಲೆ ಹಾಕಿ ಬಹಳ ದಿನಗಳಾದವು. ಪ್ರಾಜೆಕ್ಟಿನ ರಿಲೀಸು, ಅಪ್ಪನ ಆಪರೇಷನ್ನು, ಊರಿಗೂ ಬೆಂಗಳೂರಿಗೂ ಓಡಾಟ... ಇವುಗಳ ನಡುವೆ ಬರೆಯುವುದು ನಿಂತೇ ಹೋಗಿತ್ತು. ಅಂತೂ ಇವತ್ತು ಕೂತಿದ್ದೇನೆ. ವಿಷಯ ಏನು ಅಂತೀರಾ? ಪ್ಯಾಂಟು. ನಗಬೇಡಿ :-)

ಕಳೆದ ವರ್ಷ ಅಪ್ಪನಿಗೆ ಹೊಟ್ಟೆಯ ಆಪರೇಷನ್ ಆಯಿತು. ದೇವರ ದಯೆ, ಎಲ್ಲ ಸರಿಹೋಯಿತು. ಆದರೆ ಮೂರು ತಿಂಗಳಲ್ಲಿ 13 ಕೆ.ಜಿ. ಇಳಿದುಬಿಟ್ಟರು. ಅಪ್ಪ ಹೈಸ್ಕೂಲು ಮೇಷ್ಟ್ರಾಗಿದ್ದವರು. ಮನೆಯಿಂದ ಹೊರಗೆ ಕಾಲಿಡಬೇಕಾದರೆ ಇಸ್ತ್ರಿ ಮಾಡಿದ ಪ್ಯಾಂಟು, ಇನ್ ಮಾಡಿದ ಶರ್ಟು ಇರಲೇಬೇಕು. ಈಗ ಅದೇ ಪ್ಯಾಂಟನ್ನು ಬೆಲ್ಟಿನಿಂದ ಬಿಗಿದರೆ ಸೊಂಟದ ಸುತ್ತ ನೆರಿಗೆ ನೆರಿಗೆಯಾಗಿ ನಿಲ್ಲುತ್ತಿತ್ತು. ಶರ್ಟಿನ ಹೆಗಲು ತೋಳಿನ ಮೇಲೆ ಜಾರಿರುತ್ತಿತ್ತು. ದಾರಿಯಲ್ಲಿ ಸಿಕ್ಕವರೆಲ್ಲ "ಏನ್ ಮೇಷ್ಟ್ರೇ, ಇಷ್ಟೊಂದು ಇಳಿದು ಹೋಗಿದ್ದೀರಲ್ಲ!" ಅಂತ ಕೇಳುವುದು, ಅಪ್ಪ ಮತ್ತೆ ಮೊದಲಿಂದ ಆಪರೇಷನ್ ಕಥೆ ಹೇಳುವುದು. ಕೆಲವು ದಿನ ಹೇಳಿದರು. ಆಮೇಲೆ ಲೈಬ್ರರಿಗೆ ಹೋಗುವುದನ್ನು ನಿಲ್ಲಿಸಿದರು. ಆಮೇಲೆ ಸಂಜೆಯ ವಾಕಿಂಗೂ ನಿಂತಿತು. "ಸುಸ್ತು ಕಣೋ" ಅನ್ನುತ್ತಿದ್ದರು. ನಾವೂ ನಂಬಿದೆವು.

ನಾನು ಇಂಜಿನಿಯರ್ ಅಲ್ವಾ? ಬೆಂಗಳೂರಿನಲ್ಲಿ ಕೂತುಕೊಂಡೇ ಸಮಸ್ಯೆ ಬಗೆಹರಿಸಿದೆ. ಅಮ್ಮನಿಗೆ ಫೋನು ಮಾಡಿ ಅಪ್ಪನ ಸೊಂಟದ ಅಳತೆ ಕೇಳಿ, ಆನ್‌ಲೈನಿನಲ್ಲಿ ಮೂರು ಪ್ಯಾಂಟು, ನಾಲ್ಕು ಶರ್ಟು ಆರ್ಡರ್ ಮಾಡಿದೆ. ದೀಪಾವಳಿಗೆ ಊರಿಗೆ ಹೋದಾಗ ನೋಡಿದರೆ ಸೊಂಟ ಸರಿಯಾಗಿದೆ, ಕಾಲು ಮಾತ್ರ ನಾಲ್ಕಿಂಚು ಉದ್ದ. ಶರ್ಟಿನ ಎದೆ ಸರಿಯಾಗಿದೆ, ತೋಳು ಬೆರಳಿನ ತನಕ. ಅಪ್ಪ ಕನ್ನಡಿ ಮುಂದೆ ಒಂದು ನಿಮಿಷ ನಿಂತರು. "ಯಾರದೋ ಬಟ್ಟೆ ಹಾಕ್ಕೊಂಡ ಹಾಗಿದೆ ಕಣೋ" ಅಂದು, ಬಿಚ್ಚಿ, ನೀಟಾಗಿ ಮಡಚಿ, ಕವರಿಗೆ ಹಾಕಿ ಕೊಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆವತ್ತು ಒಂದು ವಿಚಿತ್ರ ಗಮನಿಸಿದೆ. ಮನೆಯಲ್ಲಿ ಪಂಚೆ ಉಟ್ಟು ಕೂತಾಗ ಅಪ್ಪ ಅಪ್ಪನ ಥರಾನೇ ಕಾಣುತ್ತಿದ್ದರು. ಪ್ಯಾಂಟು ಹಾಕಿದ ಕೂಡಲೇ ರೋಗಿಯಾಗುತ್ತಿದ್ದರು. ಪಂಚೆಗೆ ಸೈಜಿಲ್ಲ. ಸೀರೆಗೂ ಇಲ್ಲ. ಲಾಡಿ ಕಟ್ಟುವ ಪೈಜಾಮಕ್ಕೂ ಸೈಜು ಅಂದರೆ ಅಷ್ಟಕ್ಕಷ್ಟೆ. ಮೈ ಹೇಗಿದೆಯೋ ಬಟ್ಟೆ ಹಾಗೆ ಹೊಂದಿಕೊಳ್ಳುತ್ತದೆ. ಹಾಗಾದರೆ ಈ 32, 34, 36, ಎಸ್, ಎಮ್, ಎಲ್ ಅನ್ನುವುದೆಲ್ಲ ಎಲ್ಲಿಂದ ಬಂತು? ಯಾರು ಯಾರ ಮೈಯನ್ನು ಅಳೆದು ಇದನ್ನು ಮಾಡಿದರು? ನಿದ್ದೆ ಬಾರದೆ ಅದೇ ರಾತ್ರಿ ಹುಡುಕುತ್ತಾ ಕೂತೆ. ಆಮೇಲೆ ಕೆಲವು ವಾರ ಇದೇ ಹುಚ್ಚು. ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಸೈಜು ಅನ್ನುವುದು ತೀರಾ ಇತ್ತೀಚಿನ ಸಂಗತಿ. ಯುರೋಪಿನಲ್ಲಿ 19ನೇ ಶತಮಾನದ ಆರಂಭದ ತನಕ ಟೈಲರುಗಳ ಹತ್ತಿರ ಇಂಚಿನ ಟೇಪು ಕೂಡ ಇರಲಿಲ್ಲ. ಪ್ರತಿ ಗಿರಾಕಿಗೂ ಒಂದು ಉದ್ದನೆಯ ಕಾಗದದ ಪಟ್ಟಿ. ಅದನ್ನು ಎದೆಗೆ ಸುತ್ತಿ ಒಂದು ಕಡೆ ಕತ್ತರಿಯಿಂದ ಕಚ್ಚು ಹಾಕುವುದು, ಸೊಂಟಕ್ಕೆ ಸುತ್ತಿ ಇನ್ನೊಂದು ಕಚ್ಚು, ತೋಳಿಗೆ ಮತ್ತೊಂದು. ಆ ಪಟ್ಟಿಯ ಮೇಲೆ ಅಂಕಿಗಳಿಲ್ಲ. ಅದು ಆ ಮನುಷ್ಯನ ಅಳತೆ, ಅಷ್ಟೆ. ಇನ್ನೊಬ್ಬರಿಗೆ ಅದರಿಂದ ಪ್ರಯೋಜನವಿಲ್ಲ. ನಮ್ಮಲ್ಲಿ ಹೆಂಗಸರು ಇವತ್ತಿಗೂ ಟೈಲರ್ ಅಂಗಡಿಗೆ "ಅಳತೆ ಬ್ಲೌಸ್" ತೆಗೆದುಕೊಂಡು ಹೋಗುತ್ತಾರಲ್ಲ, ಅದೂ ಹೆಚ್ಚುಕಡಿಮೆ ಇದೇ ಪದ್ಧತಿ. ಅಂಕಿಗಳ ಹಂಗಿಲ್ಲದೆ ಒಂದು ಮೈಯನ್ನು ನೆನಪಿಟ್ಟುಕೊಳ್ಳುವ ಉಪಾಯ.

ಆಮೇಲೆ ಬಂತು ಹೊಲಿಗೆ ಯಂತ್ರ. ಬಾರ್ತೆಲೆಮಿ ತಿಮೊನಿಯೆ ಅನ್ನುವ ಫ್ರೆಂಚ್ ಟೈಲರ್ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ. ಪ್ಯಾರಿಸ್ಸಿನಲ್ಲಿ ಸುಮಾರು 80 ಯಂತ್ರಗಳನ್ನಿಟ್ಟು ಹೊಲಿಸತೊಡಗಿದ. ಹೊಲಿದದ್ದು ಏನನ್ನು ಗೊತ್ತೆ? ಸೈನ್ಯದ ಸಮವಸ್ತ್ರಗಳನ್ನು. ತಮ್ಮ ಹೊಟ್ಟೆಯ ಮೇಲೆ ಕಲ್ಲು ಬಿತ್ತು ಅಂತ ಊರಿನ ಟೈಲರುಗಳು 1831ರಲ್ಲಿ ನುಗ್ಗಿ ಯಂತ್ರಗಳನ್ನೆಲ್ಲ ಪುಡಿಪುಡಿ ಮಾಡಿದರು. ಪಾಪ, ತಿಮೊನಿಯೆ 1857ರಲ್ಲಿ ಬಡವನಾಗಿಯೇ ತೀರಿಕೊಂಡ.

ಆದರೆ ಯಂತ್ರ ನಿಲ್ಲಲಿಲ್ಲ. ಅಮೆರಿಕದಲ್ಲಿ 1846ರಲ್ಲಿ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ಪೇಟೆಂಟ್ ಪಡೆದರು. 1856ರ ಹೊತ್ತಿಗೆ ಸಿಂಗರ್ ಕಂಪನಿ ಕಂತಿನ ಮೇಲೆ ಯಂತ್ರ ಮಾರಲು ಶುರು ಮಾಡಿತು. ಅಂದರೆ ನಮ್ಮ ಇ.ಎಮ್.ಐ.ನ ಮುತ್ತಜ್ಜ :-) ಕೈಯಲ್ಲಿ ಹೊಲಿದರೆ ಸುಮಾರು 14 ಗಂಟೆ ಹಿಡಿಯುವ ಒಂದು ಶರ್ಟು ಯಂತ್ರದಲ್ಲಿ ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತದೆ ಅಂತ ಆ ಕಾಲದ ಯಂತ್ರದ ಕಂಪನಿಯೊಂದು ಲೆಕ್ಕ ಪ್ರಕಟಿಸಿತ್ತು. ಯಂತ್ರಗಳನ್ನು ಕಂಡರೆ ಅನುಮಾನ ಪಡುತ್ತಿದ್ದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟು, ಉಪಯೋಗದ ವಸ್ತು ಅಂತ ಒಪ್ಪಿದ್ದರು.

ಒಂದೂಕಾಲು ಗಂಟೆಗೊಂದು ಶರ್ಟು ಬರುವಾಗ, ಒಬ್ಬೊಬ್ಬನನ್ನೂ ಅಳೆಯುತ್ತಾ ಕೂರುವುದಕ್ಕೆ ಯಾರಿಗೆ ಪುರುಸೊತ್ತು? ಅದರ ಬೆನ್ನಿಗೇ 1861ರಿಂದ 1865ರ ತನಕ ಅಮೆರಿಕದ ಅಂತರ್ಯುದ್ಧ. ಲಕ್ಷಾಂತರ ಸೈನಿಕರಿಗೆ ಅವಸರದಲ್ಲಿ ಬಟ್ಟೆ ಬೇಕು. ಸೈನಿಕರ ಅಳತೆಗಳನ್ನು ಒಟ್ಟು ಹಾಕಿ ನೋಡಿದಾಗ ಕೆಲವು ಅಳತೆಗಳು ಜೊತೆಜೊತೆಯಾಗಿ ಮತ್ತೆ ಮತ್ತೆ ಬರುತ್ತವೆ ಅನ್ನುವುದು ಗೊತ್ತಾಯಿತು. ಎದೆ ಇಷ್ಟಿದ್ದರೆ ತೋಳು ಸಾಮಾನ್ಯವಾಗಿ ಇಷ್ಟು, ಸೊಂಟ ಇಷ್ಟು. ಯುದ್ಧ ಮುಗಿದ ಮೇಲೆ ಗಂಡಸರ ರೆಡಿಮೇಡ್ ಬಟ್ಟೆಯ ವ್ಯಾಪಾರ ಈ ತಿಳಿವಳಿಕೆಯ ಮೇಲೇ ಬೆಳೆಯಿತು. ನಾವು ಅಂಗಡಿಯಲ್ಲಿ ಹುಡುಕುವ 38, 40, 42ರ ಬೇರು ಹೋಗಿ ಮುಟ್ಟುವುದು ಮಿಲಿಟರಿ ಉಗ್ರಾಣವನ್ನು.

ತಮಾಷೆ ಏನೆಂದರೆ, ಸೈಜನ್ನು ಬೆಳೆಸಿದ ಸೈನ್ಯವೇ ಸೈಜನ್ನು ಪೂರ್ತಿ ನಂಬಲಿಲ್ಲ. ಬ್ರಿಟಿಷ್ ರೆಜಿಮೆಂಟುಗಳಲ್ಲಿ ಮಾಸ್ಟರ್ ಟೈಲರ್ ಅಂತ ಒಬ್ಬನಿರುತ್ತಿದ್ದ. ಉಗ್ರಾಣದಿಂದ ಬಂದ ಕೋಟನ್ನು ಸೈನಿಕನ ಮೈಗೆ ಕೂರಿಸುವುದು ಅವನ ಕೆಲಸ. ನಮ್ಮ ಬಿ.ಎಸ್.ಎಫ್.ನ ಟ್ರೇಡ್ಸ್‌ಮನ್ ನೇಮಕಾತಿಯಲ್ಲೂ ಅಡುಗೆಯವರು, ಕ್ಷೌರಿಕರ ಜೊತೆಗೆ ಟೈಲರ್ ಹುದ್ದೆ ಇದೆ. ಸೈಜು ಬಟ್ಟೆಯನ್ನು ಹತ್ತಿರ ತನಕ ತರುತ್ತದೆ. ಉಳಿದ ದಾರಿಯನ್ನು ಟೈಲರೇ ಮುಗಿಸಬೇಕು. ಪೇಟೆಗೆ ಬಂದಾಗ ಈ ಎರಡನೇ ಅರ್ಧವನ್ನು ನಾವು ಮರೆತೆವು.

ಹೆಂಗಸರ ಅಳತೆಯ ಕಥೆ ಇನ್ನೂ ಸ್ವಾರಸ್ಯವಾಗಿದೆ. 1939-40ರಲ್ಲಿ ಅಮೆರಿಕದ ಕೃಷಿ ಇಲಾಖೆ (ಹೌದು, ಕೃಷಿ ಇಲಾಖೆಯೇ!) ರೂತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ ಅವರ ನೇತೃತ್ವದಲ್ಲಿ ಸುಮಾರು 15,000 ಹೆಂಗಸರನ್ನು ಅಳೆಸಿತು. ತೂಕವೂ ಸೇರಿ ಒಬ್ಬೊಬ್ಬರದೂ 59 ಅಳತೆ. 1941ರಲ್ಲಿ ವರದಿ ಬಂತು. ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರ ಅಳತೆಯನ್ನು ಮಾತ್ರ. ಇದರ ಆಧಾರದ ಮೇಲೆ 1958ರಲ್ಲಿ ಅಲ್ಲಿನ ಸರ್ಕಾರ ಹೆಂಗಸರ ಉಡುಪಿನ ಅಳತೆಗೆ ಒಂದು ಮಾನದಂಡ ಪ್ರಕಟಿಸಿತು. ಅದು ನಿಜವಾದ ಹೆಂಗಸರ ಮೈಗೆ ಹೊಂದಲಿಲ್ಲ, ಕಂಪನಿಗಳೂ ಪಾಲಿಸಲಿಲ್ಲ. 1983ರಲ್ಲಿ ಕೈಬಿಟ್ಟರು. ಆಮೇಲೆ ಅವರವರ ಸೈಜು ಅವರವರಿಗೆ. ಒಂದು ಬ್ರ್ಯಾಂಡಿನ ಎಮ್ ಇನ್ನೊಂದರಲ್ಲಿ ಎಲ್ ಆಗುವುದು ಹೀಗೆ. ನನ್ನ ಬೀರುವಿನಲ್ಲಿ 32 ಅಂತ ಬರೆದಿರುವ ಎರಡು ಪ್ಯಾಂಟುಗಳನ್ನು ಟೇಪು ಹಿಡಿದು ಅಳೆದೆ. ಒಂದು 33, ಇನ್ನೊಂದು ಮೂವತ್ತನಾಲ್ಕೂವರೆ!

ಇನ್ನು ನನಗೆ ತುಂಬಾ ಹಿಡಿಸಿದ ಕಥೆ. 1950ರಲ್ಲಿ ಅಮೆರಿಕದ ವಾಯುಪಡೆ 4,063 ಪೈಲಟ್‌ಗಳ ಮೈ ಅಳೆಸಿತು. ಆ ಕೆಲಸದಲ್ಲಿ ಗಿಲ್ಬರ್ಟ್ ಡೇನಿಯಲ್ಸ್ ಅನ್ನುವ ಯುವ ಲೆಫ್ಟಿನೆಂಟ್ ಒಬ್ಬನಿದ್ದ. ಅವನಿಗೊಂದು ಪ್ರಶ್ನೆ ಬಂತು. ಎತ್ತರ, ಎದೆ, ತೋಳು, ಸೊಂಟ ಹೀಗೆ ಹತ್ತು ಅಳತೆಗಳನ್ನು ತೆಗೆದುಕೊಂಡರೆ, ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿರುವವರು ಎಷ್ಟು ಜನ? ಆಸುಪಾಸು ಅಂದರೆ ಮಧ್ಯದ 30 ಶೇಕಡಾ, ಸಾಕಷ್ಟು ಧಾರಾಳವಾದ ಲೆಕ್ಕ. ನೀವಾದರೆ ಎಷ್ಟು ಹೇಳುತ್ತೀರಿ? ಸಾವಿರ? ಐನೂರು?

ಸೊನ್ನೆ. 4,063 ಜನರಲ್ಲಿ ಒಬ್ಬನೂ ಇಲ್ಲ! ಮೂರೇ ಅಳತೆಗಳನ್ನು ತೆಗೆದುಕೊಂಡರೂ ಶೇಕಡಾ 3.5ಕ್ಕಿಂತ ಕಡಿಮೆ. ಉದ್ದ ತೋಳಿನವನಿಗೆ ಕಾಲು ಗಿಡ್ಡ, ಅಗಲ ಎದೆಯವನಿಗೆ ಸೊಂಟ ಸಣ್ಣ. 1952ರ ಅವನ ವರದಿ ಸರಾಸರಿ ಮನುಷ್ಯ ಅಂತ ಯಾರೂ ಇಲ್ಲ ಅನ್ನುವುದನ್ನು ಅಂಕಿಗಳಲ್ಲಿ ತೋರಿಸಿತು. ವಾಯುಪಡೆ ಆಮೇಲೆ ಏನು ಮಾಡಿತು? ಸೀಟನ್ನು ಹಿಂದೆ ಮುಂದೆ ಸರಿಸುವ ಹಾಗೆ, ಪೆಡಲನ್ನು ಹೊಂದಿಸುವ ಹಾಗೆ, ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿ-ಸಡಿಲ ಮಾಡುವ ಹಾಗೆ ಮಾಡಿಸಿತು. ಅಂದರೆ ಆಲ್ಟರೇಷನ್! ಕೋಟಿಗಟ್ಟಲೆ ಬೆಲೆಯ ವಿಮಾನವನ್ನೇ ಮನುಷ್ಯನಿಗೆ ಹೊಂದಿಸಬಹುದಾದರೆ, ಎಂಟುನೂರು ರೂಪಾಯಿಯ ಶರ್ಟಿನ ಮುಂದೆ ನಮ್ಮ ಮೈಯಲ್ಲೇ ಏನೋ ಐಬಿದೆ ಅಂದುಕೊಳ್ಳುವುದು ಯಾವ ನ್ಯಾಯ?

ಟ್ರಯಲ್ ರೂಮಿನಲ್ಲಿ ನಿಂತು ನಾನೂ ಎಷ್ಟು ಸಲ ಹಾಗೆ ಅಂದುಕೊಂಡಿದ್ದೇನೋ. ನನ್ನ ಎತ್ತರ ಐದಡಿ ನಾಲ್ಕಿಂಚು. ಯಾವ ಪ್ಯಾಂಟು ಕೊಂಡರೂ ಕೆಳಗೆ ಎರಡು ಮಡಿಕೆ ಮಡಚಿಕೊಂಡೇ ಕಾಲೇಜು ಮುಗಿಸಿದೆ. ಗಿಡ್ಡ ಇರುವುದು ನಾನು, ತಪ್ಪು ನನ್ನದು ಅಂತ. ನಿಮ್ಮಲ್ಲಿ ಕೆಲವರಿಗೆ ಹೊಟ್ಟೆ, ಕೆಲವರಿಗೆ ಹೆಗಲು, ಕೆಲವರಿಗೆ ತೀರಾ ತೆಳುವಾದ ಮೈಯ ಬಗ್ಗೆ ಹೀಗೆ ಅನ್ನಿಸಿರಬಹುದು. ಅಂದಹಾಗೆ, ಭಾರತೀಯರ ಮೈಗೇ ಒಂದು ಅಳತೆಪಟ್ಟಿ ಬೇಕು ಅಂತ 2018ರಲ್ಲಿ ನಿಫ್ಟ್ ಸಂಸ್ಥೆಯ ಒಂದು ಸಮೀಕ್ಷೆ ಘೋಷಣೆಯಾಯಿತು. ಬೆಂಗಳೂರೂ ಸೇರಿ ಆರು ನಗರಗಳ 25,000 ಜನರನ್ನು ತ್ರೀಡಿ ಸ್ಕ್ಯಾನರಿನಿಂದ ಅಳೆಯುವ ಯೋಜನೆ ಅದು. ಒಳ್ಳೆಯದೇ. ಇಂಗ್ಲೆಂಡ್, ಅಮೆರಿಕದ ಪಟ್ಟಿಗಿಂತ ಹತ್ತಿರ ಬಂದೀತು. ಆದರೆ ಡೇನಿಯಲ್ಸನ ಸೊನ್ನೆ ಸೊನ್ನೆಯೇ. ಯಾವ ಪಟ್ಟಿಯೂ ಒಬ್ಬ ಮನುಷ್ಯನನ್ನು ಪೂರ್ತಿ ಮುಟ್ಟುವುದಿಲ್ಲ.

ರೆಡಿಮೇಡ್ ಬಟ್ಟೆಯಲ್ಲಿ ಇನ್ನೊಂದು ವ್ಯತ್ಯಾಸವಿದೆ. ಅದು ಹೊರಗಿನಿಂದ ಕಾಣುವುದಿಲ್ಲ. ಒಂದು ರೆಡಿಮೇಡ್ ಶರ್ಟನ್ನು ಒಳಗು ಹೊರಗು ಮಾಡಿ ಪಕ್ಕದ ಹೊಲಿಗೆ ನೋಡಿ. ಅಂಚಿನಲ್ಲಿ ಓವರ್‌ಲಾಕ್ ಆಗಿ ಒಂದು ಸೆಂಟಿಮೀಟರಿನಷ್ಟು ಬಟ್ಟೆ ಇದ್ದರೆ ಹೆಚ್ಚು. ನಮ್ಮ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಒಬ್ಬರು ದಿನವಿಡೀ ಕಾಲರ್, ಇನ್ನೊಬ್ಬರು ದಿನವಿಡೀ ಕಫ್. ಲಕ್ಷಗಟ್ಟಲೆ ಪೀಸು ಹೊಲಿಯುವಲ್ಲಿ ಒಂದೊಂದು ಪೀಸಿನಲ್ಲಿ ಅರ್ಧ ಇಂಚು ಉಳಿಸಿದರೂ ಎಷ್ಟೋ ಥಾನು ಬಟ್ಟೆ ಉಳಿಯುತ್ತದೆ. ಹಾಗಾಗಿ ಉಳಿಸುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಳತೆಯನ್ನು ಹಾರ್ಡ್‌ಕೋಡ್ ಮಾಡಿಬಿಡುತ್ತಾರೆ. ಆಮೇಲೆ ಬದಲಾಯಿಸುವ ಹಾಗಿಲ್ಲ.

ಈಗ ಅಮ್ಮನದೋ ಅಕ್ಕನದೋ ಒಂದು ಬ್ಲೌಸ್ ತಿರುವಿ ನೋಡಿ. ಪಕ್ಕದಲ್ಲಿ ಒಂದಿಂಚು, ಒಂದೂವರೆ ಇಂಚು ಮಾರ್ಜಿನ್. ಅದರಲ್ಲಿ ಒಂದರ ಪಕ್ಕ ಒಂದರಂತೆ ಎರಡು ಮೂರು ಸಾಲು ಹೊಲಿಗೆ. ಮೈ ಬಂದರೆ ಒಂದು ಸಾಲು ಬಿಚ್ಚಿದರಾಯಿತು, ಇಳಿದರೆ ಇನ್ನೊಂದು ಸಾಲು ಹಾಕಿದರಾಯಿತು. ಮದುವೆಯ ಬ್ಲೌಸು ಬಾಣಂತನ ದಾಟಿ, ಮಗಳ ಮದುವೆಯ ತನಕ ಬರುವುದು ಹೀಗೆ. ಚಿಕ್ಕ ಹುಡುಗಿಯರ ಲಂಗಕ್ಕೆ ಕೆಳಗೆ ಟಕ್ಸ್ ಹಿಡಿದು, ವರ್ಷಕ್ಕೊಂದು ಬಿಚ್ಚುತ್ತಾ ಹೋಗುತ್ತಿದ್ದುದು ನಿಮಗೂ ನೆನಪಿರಬಹುದು. ಶರ್ಟಿನ ಕಾಲರ್ ಸವೆದರೆ ಬಿಚ್ಚಿ, ತಿರುಗಿಸಿ ಹೊಲಿಸುವ ಪದ್ಧತಿಯೂ ಇತ್ತು. ಬಟ್ಟೆ ಹೊಲಿಯುವಾಗಲೇ "ಈ ಮನುಷ್ಯ ಬದಲಾಗುತ್ತಾನೆ" ಅನ್ನುವುದನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು.

ಇದನ್ನು ಬರೀ ನಮ್ಮ ಜಿಪುಣತನ ಅಂದುಕೊಳ್ಳಬೇಡಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಶ್ರೀಮಂತರೂ ಇದನ್ನೇ ಮಾಡಬೇಕಾಯಿತು. 1941ರ ಜೂನ್ 1ರಿಂದ ಅಲ್ಲಿ ಬಟ್ಟೆಗೂ ರೇಷನ್. ಮೊದಲ ವರ್ಷ ತಲೆಗೆ 66 ಕೂಪನ್, ಗಂಡಸರ ಒಂದು ಸೂಟಿಗೇ 26 ಕೂಪನ್ ಖರ್ಚು. 1943ರಲ್ಲಿ ಸರ್ಕಾರವೇ ಹಳೆ ಬಟ್ಟೆಯನ್ನು ಹೇಗೆ ಬಿಚ್ಚಿ, ತಿದ್ದಿ, ಮತ್ತೆ ಹೊಲಿಯಬೇಕು ಅಂತ ಹೇಳಿಕೊಡುವ ಪುಸ್ತಿಕೆ ಹಂಚಿತು. ಬಟ್ಟೆ ಉಳಿಸಲು 1942ರಲ್ಲಿ ಪ್ಯಾಂಟಿನ ಕೆಳಗಿನ ಹೊರಮಡಿಕೆಯನ್ನು ನಿಷೇಧಿಸಿದ್ದರು. ಆಗ ಕೆಲವು ಗಂಡಸರು ಬೇಕೆಂದೇ ಉದ್ದದ ಪ್ಯಾಂಟು ಕೊಂಡು, ಮನೆಯಲ್ಲಿ ಮಡಿಕೆ ಹೊಲಿಸಿಕೊಂಡರಂತೆ :-) ಬಟ್ಟೆ ರೇಷನ್ ಪೂರ್ತಿ ಮುಗಿದದ್ದು 1949ರಲ್ಲಿ.

ಈಗಿನ ಲೆಕ್ಕ ಬೇರೆ. ಬಟ್ಟೆಯೊಂದನ್ನು ಇನ್ನೂ ಒಂಬತ್ತು ತಿಂಗಳು ಹೆಚ್ಚು ಹಾಕಿಕೊಂಡರೆ ಅದರಿಂದಾಗುವ ಇಂಗಾಲ, ನೀರು, ಕಸದ ಹೊರೆ ಶೇಕಡಾ 20ರಿಂದ 30ರಷ್ಟು ಇಳಿಯುತ್ತದೆ ಅಂತ ಬ್ರಿಟನ್ನಿನ ವ್ರ್ಯಾಪ್ ಸಂಸ್ಥೆ 2012ರಲ್ಲಿ ಅಂದಾಜು ಮಾಡಿತ್ತು. ಫ್ರಾನ್ಸಿನಲ್ಲಂತೂ 2023ರ ನವೆಂಬರಿನಲ್ಲಿ ಬಟ್ಟೆ, ಶೂ ರಿಪೇರಿ ಮಾಡಿಸುವವರಿಗೆ 6ರಿಂದ 25 ಯೂರೋ ತನಕ ರಿಯಾಯಿತಿ ಕೊಡುವ ಯೋಜನೆ ಶುರುವಾಯಿತು. ತಿಮೊನಿಯೆಯ ಯಂತ್ರಗಳನ್ನು ಒಡೆದ ಆ ಟೈಲರುಗಳು ಇದನ್ನು ಕೇಳಿದ್ದರೆ ಏನನ್ನುತ್ತಿದ್ದರೋ!

ಇಷ್ಟೆಲ್ಲ ಓದಿದ ಮೇಲೆ ನಾನು ಕಲಿತ ನಾಲ್ಕು ಉಪಯೋಗದ ಮಾತು:

ರೆಡಿಮೇಡ್ ಕೊಳ್ಳುವಾಗ ಹೆಗಲು ಸರಿಯಾಗಿದೆಯಾ ಅಂತ ಮೊದಲು ನೋಡಿ. ಹೆಗಲು ತಿದ್ದುವುದು ದೊಡ್ಡ ಕೆಲಸ, ಬಹಳ ಟೈಲರುಗಳು ಬೇಡ ಅನ್ನುತ್ತಾರೆ. ಪಕ್ಕ, ತೋಳಿನ ಉದ್ದ, ಪ್ಯಾಂಟಿನ ಉದ್ದ ಇವೆಲ್ಲ ಸುಲಭ.

ಹಿಡಿಸುವುದು ಸುಲಭ, ಬಿಚ್ಚಿ ದೊಡ್ಡದು ಮಾಡುವುದಕ್ಕೆ ಒಳಗೆ ಬಟ್ಟೆ ಇರಬೇಕು. ಅನುಮಾನವಿದ್ದರೆ ಸ್ವಲ್ಪ ದೊಡ್ಡದನ್ನೇ ಕೊಳ್ಳಿ.

ಫಾರ್ಮಲ್ ಪ್ಯಾಂಟಿನ ಸೊಂಟವನ್ನು ಹಿಂದಿನ ನಡುಹೊಲಿಗೆಯಲ್ಲಿ ತಿದ್ದುತ್ತಾರೆ. ಟೈಲರ್ ಹೊಲಿದ ಪ್ಯಾಂಟಾದರೆ ಅಲ್ಲಿ ಒಳ್ಳೆಯ ಮಾರ್ಜಿನ್ ಇರುತ್ತದೆ. ಜೀನ್ಸಿನಲ್ಲಿ ಮಡಚಿ ಎರಡು ಸಾಲು ಹೊಲಿದಿರುವುದರಿಂದ ಕಷ್ಟ.

ಕಾಟನ್ ಬಟ್ಟೆಯಾದರೆ ಒಂದೆರಡು ಸಲ ಒಗೆದು ಆಮೇಲೆ ಆಲ್ಟರ್ ಮಾಡಿಸಿ. ಇಲ್ಲದಿದ್ದರೆ ಕುಗ್ಗಿದ ಮೇಲೆ ಪೇಚಾಡಬೇಕಾಗುತ್ತದೆ. ಅನುಭವದ ಮಾತು :-(

ಸರಿ, ಅಪ್ಪನ ಕಥೆಗೆ ಬರೋಣ. ನಾನು ಹೀಗೆ ಇತಿಹಾಸ ಓದುತ್ತಾ ಕೂತಿದ್ದಾಗ ಅಮ್ಮ ಕೆಲಸ ಮಾಡಿ ಮುಗಿಸಿದ್ದಳು. ಅಪ್ಪನ ಐದು ಹಳೇ ಪ್ಯಾಂಟು, ಆರು ಶರ್ಟುಗಳನ್ನು ಚೀಲಕ್ಕೆ ತುಂಬಿ, ಅಪ್ಪನನ್ನೂ ಹೊರಡಿಸಿಕೊಂಡು ಬಸ್‌ಸ್ಟ್ಯಾಂಡ್ ಹಿಂದಿನ ಟೈಲರ್ ಅಂಗಡಿಗೆ ಹೋಗಿದ್ದಳು. ಆ ಪ್ಯಾಂಟುಗಳನ್ನು ಹೊಲಿದವರೂ ಅವರೇ. ಅವರು ಅಪ್ಪನನ್ನು ನೋಡಿ "ಇಳಿದು ಹೋಗಿದ್ದೀರಾ" ಅನ್ನಲಿಲ್ಲವಂತೆ. "ಬನ್ನಿ ಮೇಷ್ಟ್ರೇ, ನಿಂತ್ಕೊಳ್ಳಿ" ಅಂತ ಟೇಪು ತೆಗೆದು, ಹಳೇ ಅಳತೆ ಪುಸ್ತಕದಲ್ಲಿ ಅಪ್ಪನ ಹೆಸರಿನ ಕೆಳಗೇ ಹೊಸ ಅಂಕಿಗಳನ್ನು ಬರೆದುಕೊಂಡರಂತೆ. ಪ್ಯಾಂಟಿಗೆ 80, ಶರ್ಟಿಗೆ 60. ಒಟ್ಟು 760 ರೂಪಾಯಿ. ನಾನು ಆನ್‌ಲೈನಿನಲ್ಲಿ ಸುರಿದದ್ದು ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ.

ನಾಲ್ಕು ದಿನ ಬಿಟ್ಟು ಬಟ್ಟೆ ತರಲು ನಾನೇ ಹೋದೆ. ಒಂದು ಪ್ಯಾಂಟನ್ನು ತಿರುವಿ ನೋಡಿದರೆ ಸೊಂಟದ ಹಿಂದೆ ಹೆಚ್ಚಾದ ಬಟ್ಟೆ ಹಾಗೆಯೇ ಒಳಗಿದೆ. ಎರಡೂ ಕಡೆಗೆ ಮಗುಚಿ ಇಸ್ತ್ರಿ ಮಾಡಿ ಕೂರಿಸಿದ್ದಾರೆ. "ಇದನ್ನ ಕತ್ತರಿಸಿದ್ರೆ ಇನ್ನೂ ನೀಟಾಗಿ ಕೂರ್ತಿತ್ತಲ್ವಾ?" ಅಂತ ಕೇಳಿದೆ.

ಅವರು ಕನ್ನಡಕದ ಮೇಲಿಂದ ನೋಡಿದರು. "ಕತ್ತರಿಸೋದು ಒಂದು ನಿಮಿಷದ ಕೆಲಸ ಸಾರ್. ಮೇಷ್ಟ್ರು ಇನ್ನಾರು ತಿಂಗಳಿಗೆ ಮತ್ತೆ ಮೈ ತುಂಬ್ಕೋತಾರೆ. ಆಗ ಬಟ್ಟೆ ಎಲ್ಲಿಂದ ತರ್ಲಿ? ಬಿಚ್ಚಿಕೊಡೋಕೆ ಇರ್ಲಿ ಅಂತ ಬಿಟ್ಟಿದ್ದೀನಿ."

ಡಾಕ್ಟರು ಕೂಡ ಅಷ್ಟು ಖಚಿತವಾಗಿ ಹೇಳಿರಲಿಲ್ಲ. ನನಗೆ ಮಾತು ಹೊರಡಲಿಲ್ಲ. ದುಡ್ಡು ಕೊಟ್ಟು ಬಂದೆ.

ಆವತ್ತು ಸಂಜೆ ಅಪ್ಪ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ, ಶರ್ಟು ಇನ್ ಮಾಡಿ, "ಲೈಬ್ರರಿಗೆ ಹೋಗಿ ಬರ್ತೀನಿ" ಅಂದರು. ಸುಸ್ತಿನ ಮಾತೇ ಇಲ್ಲ. ಅಮ್ಮ ಬಾಗಿಲಲ್ಲಿ ನಿಂತು ತಿರುವು ದಾಟುವ ತನಕ ನೋಡುತ್ತಿದ್ದಳು.

ಕಳೆದ ತಿಂಗಳು ಫೋನು ಮಾಡಿದ್ದರು. ಅದೂ ಇದೂ ಮಾತಾಡಿ ಕೊನೆಗೆ, "ಆ ಬೂದು ಪ್ಯಾಂಟು ಟೈಟಾಗಿತ್ತು ಕಣೋ, ಅರ್ಧ ಇಂಚು ಬಿಚ್ಚಿಸಿದೆ" ಅಂದರು. ದನಿಯಲ್ಲಿ ಎಂಥಾ ಹೆಮ್ಮೆ ಅಂತೀರಿ! ಒಳಗಿನ್ನೂ ಅರ್ಧ ಇಂಚಿದೆ.

ನಾನು ಆನ್‌ಲೈನಿನಲ್ಲಿ ತರಿಸಿದ ಆ ಮೂರು ಪ್ಯಾಂಟುಗಳನ್ನೂ ಅಮ್ಮ ಅದೇ ಅಂಗಡಿಗೆ ಕೊಟ್ಟಿದ್ದಾಳಂತೆ, ನನ್ನ ಅಳತೆಗೆ ತಿದ್ದಿಸೋಕೆ. ಮುಂದಿನ ಸಲ ಊರಿಗೆ ಹೋದಾಗ ಟೇಪಿನ ಮುಂದೆ ನಾನೂ ನಿಲ್ಲಬೇಕು :-)